ಲಿವರ್ ಫ್ಲೂಕ್ ಪರೀಕ್ಷೆಗೆ ಯಾವ ಆಂಟಿಜೆನ್ ಆರಿಸೋಣ?

"ಪ್ಲೇಟಿಗೆ ಏನು ಕೋಟ್ ಮಾಡಲಿ?" ಲಿವರ್ ಫ್ಲೂಕ್ (ಲಿವರಿನಲ್ಲಿ ಬದುಕುವ ಚಪ್ಪಟೆ ಹುಳು) ಮೇಲೆ ಎಲೈಸಾ ಶುರು ಮಾಡುವ ವಿದ್ಯಾರ್ಥಿಗಳೆಲ್ಲ ಮೊದಲು ಕೇಳುವುದು ಇದನ್ನೇ. ಎಲೈಸಾ ಎಂದರೆ ಪುಟ್ಟ ಬಾವಿಗಳಿರುವ ಪ್ಲೇಟಿಗೆ ಪ್ರೋಟೀನು ಅಂಟಿಸಿ (ಕೋಟ್ ಮಾಡಿ), ಬರುವ ಬಣ್ಣ ನೋಡಿ ಸೋಂಕು ಪತ್ತೆ ಮಾಡುವ ಪರೀಕ್ಷೆ. ಪಶುವೈದ್ಯರ ಪ್ರಶ್ನೆ ಬೇರೆ ಥರ ಬರುತ್ತದೆ: "ರಕ್ತ ಕಳಿಸಲಾ, ಸಗಣಿ ಕಳಿಸಲಾ?" ಕೇಳಲು ಎರಡು ಪ್ರಶ್ನೆ, ತಿರುಳು ಒಂದೇ. ಹುಳುವಿನ ಯಾವ ಪ್ರೋಟೀನನ್ನು, ಅಂದರೆ ಯಾವ ಆಂಟಿಜೆನ್ನನ್ನು, ನಂಬಿ "ಈ ದನಕ್ಕೆ ಫ್ಲೂಕ್ ಇದೆ" ಎಂದು ಬರೆದುಕೊಡುವುದು?

ಆಯ್ಕೆಗಳು ಕಡಿಮೆ ಏನಿಲ್ಲ. ಇಡೀ ಹುಳುವನ್ನು ಅರೆದು ತೆಗೆದ ಸಾರ ಇದೆ. ಜೀವಂತ ಹುಳು ಹೊರಗೆ ಬಿಡುವ ದ್ರವ ಇದೆ. ಲ್ಯಾಬಿನಲ್ಲಿ ತಯಾರಿಸಿದ ಕ್ಯಾಥೆಪ್ಸಿನ್ ಎಲ್1 ಎಂಬ ಹುಳುವಿನ ಕಿಣ್ವ ಇದೆ, ಅದರ ಜೊತೆಗೆ ಇನ್ನೂ ನಾಲ್ಕಾರು ಪ್ರೋಟೀನುಗಳಿವೆ. ಇವೆಲ್ಲ ಪ್ರಾಣಿಯ ರಕ್ತದಲ್ಲೋ ಹಾಲಿನಲ್ಲೋ ಇರುವ ಆಂಟಿಬಾಡಿಯನ್ನು (ಹುಳುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನನ್ನು) ಹಿಡಿಯುವ ಗಾಳಗಳು. ಸಗಣಿಯಲ್ಲಿ ಹುಳುವಿನ ಆಂಟಿಜೆನ್ನನ್ನೇ ನೇರವಾಗಿ ಹಿಡಿಯುವ ದಾರಿ ಬೇರೆ ಇದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಎಲ್ಲಕ್ಕಿಂತ ಒಳ್ಳೆಯ ಆಂಟಿಜೆನ್ ಯಾವುದು" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. "ಹುಳುವಿಗೆ ಈಗ ಎಷ್ಟು ವಾರ? ಫಲಿತಾಂಶ ಬಂದ ಮೇಲೆ ನಾನು ಏನು ಮಾಡುತ್ತೇನೆ?" ಎಂದು ಕೇಳಿಕೊಂಡರೆ ಅರ್ಧ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ.

ಹುಳುವಿನ ವಾರಗಳ ಲೆಕ್ಕ

ದನ, ಎಮ್ಮೆ, ಕುರಿ, ಮೇಕೆಗಳನ್ನು ಕಾಡುವ ಫ್ಲೂಕ್‌ಗಳು ಮುಖ್ಯವಾಗಿ ಎರಡು. ತಂಪು ಹವೆಯ ಕಡೆ ಫ್ಯಾಸಿಯೋಲಾ ಹೆಪಾಟಿಕಾ, ಬಿಸಿ ಹವೆಯ ಕಡೆ ಫ್ಯಾಸಿಯೋಲಾ ಜೈಗಾಂಟಿಕಾ. ಎರಡಕ್ಕೂ ನಡುವೆ ಒಂದು ಸಿಹಿನೀರಿನ ಬಸವನಹುಳು ಬೇಕು. ಬಸವನಹುಳುವಿನಿಂದ ಹೊರಬಿದ್ದ ಮರಿ ನೀರಂಚಿನ ಹುಲ್ಲಿಗೆ ಅಂಟಿಕೊಂಡು, ಸುತ್ತ ಕವಚ ಕಟ್ಟಿ ಕೂತಿರುತ್ತದೆ. ಪ್ರಾಣಿ ಆ ಹುಲ್ಲನ್ನು ಮೇಯುತ್ತದೆ. ಕರುಳಿನಲ್ಲಿ ಕವಚ ಒಡೆಯುತ್ತದೆ. ಮರಿ ಕೆಲವೇ ಗಂಟೆಗಳಲ್ಲಿ ಕರುಳಿನ ಗೋಡೆ ಕೊರೆದು ಹೊಟ್ಟೆಯ ಪೊಳ್ಳಿಗೆ ಬರುತ್ತದೆ. ಸುಮಾರು ಒಂದು ವಾರದಲ್ಲಿ ಲಿವರ್ ತಲುಪುತ್ತದೆ. ಮುಂದಿನ ಆರೇಳು ವಾರ ಲಿವರನ್ನು ತಿನ್ನುತ್ತಾ ಸುರಂಗ ತೋಡುತ್ತದೆ. ಆಮೇಲೆ ಪಿತ್ತನಾಳ ಸೇರಿ, ಬೆಳೆದು, ಮೊಟ್ಟೆ ಇಡುತ್ತದೆ. ಹೆಪಾಟಿಕಾ ಆದರೆ ಸಗಣಿಯಲ್ಲಿ ಮೊಟ್ಟೆ ಕಾಣಲು ಸುಮಾರು 10ರಿಂದ 12 ವಾರ ಬೇಕು. ಜೈಗಾಂಟಿಕಾ ಆದರೆ 13ರಿಂದ 16 ವಾರ.

ಹಳೆಯ ಸಗಣಿ ಪರೀಕ್ಷೆಯ ದೊಡ್ಡ ಕೊರತೆ ಇಲ್ಲೇ ಇದೆ. ಕುರಿಗಳು ಒಮ್ಮೆಗೇ ಸಾವಿರಾರು ಮರಿ ಹುಳುಗಳನ್ನು ನುಂಗಿದರೆ, ಸುರಂಗ ತೋಡುವ ಹಂತದಲ್ಲೇ ಸಾಯುತ್ತವೆ. ಆಗ ಸಗಣಿಯಲ್ಲಿ ಒಂದು ಮೊಟ್ಟೆಯೂ ಇರುವುದಿಲ್ಲ. ದನಗಳಲ್ಲಿ ಇನ್ನೊಂದು ತೊಂದರೆ. ಹುಳು ಕಡಿಮೆ, ಸಗಣಿ ಜಾಸ್ತಿ. ಮೊಟ್ಟೆಗಳು ರಾಶಿಯಲ್ಲಿ ಕಳೆದುಹೋಗುತ್ತವೆ.

ಹಾಗಂತ ಸೂಕ್ಷ್ಮದರ್ಶಕವನ್ನು ಮೂಲೆಗಿಡಬೇಡಿ. ಸಗಣಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಳ ಕೂರಿಸಿ ನೋಡುವ ಪರೀಕ್ಷೆಗೆ ಖರ್ಚೇ ಇಲ್ಲ ಎನ್ನಬಹುದು. ತೇಲಿಸುವ ವಿಧಾನ ಮಾತ್ರ ಬೇಡ. ಫ್ಲೂಕ್ ಮೊಟ್ಟೆ ಭಾರ, ಮಾಮೂಲಿ ಉಪ್ಪುನೀರಿನಲ್ಲಿ ಸರಿಯಾಗಿ ತೇಲುವುದಿಲ್ಲ. ಹೊಂಬಣ್ಣದ ಮೊಟ್ಟೆ ಕಂಡರೆ ಅದು ಲಿವರ್ ಫ್ಲೂಕ್. ಬಣ್ಣವಿಲ್ಲದೆ ಬೂದಾಗಿ, ಗಾಜಿನಂತೆ ಕಂಡರೆ ಅದು ಹೊಟ್ಟೆಯ ಫ್ಲೂಕ್, ಅಂದರೆ ಪ್ಯಾರಾಂಫಿಸ್ಟೋಮ್. ಈ ಎರಡನೆಯವನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ತುಂಬಾ ಕಾಟ ಕೊಡುತ್ತಾನೆ.

ಈಗ ಆಂಟಿಜೆನ್‌ಗಳನ್ನು ಇದೇ ವಾರಗಳ ಮೇಲೆ ಇಟ್ಟು ನೋಡೋಣ. ರಕ್ತದಲ್ಲಿ ಆಂಟಿಬಾಡಿ 2ರಿಂದ 4 ವಾರದಲ್ಲಿ ಕಾಣಿಸಿಕೊಳ್ಳಲು ಶುರುವಾಗುತ್ತದೆ. ಸಗಣಿಯಲ್ಲಿ ಹುಳುವಿನ ಆಂಟಿಜೆನ್ ಹೆಚ್ಚುಕಡಿಮೆ 5ರಿಂದ 8ನೇ ವಾರದ ಸುಮಾರಿಗೆ ಸಿಗತೊಡಗುತ್ತದೆ. ಮೊಟ್ಟೆ ಕೊನೆಗೆ ಬರುತ್ತದೆ. ಔಷಧಿ ಕೊಟ್ಟು ಹುಳು ಸತ್ತ ಮೇಲೆ ಆಟ ಉಲ್ಟಾ. ಸಗಣಿಯ ಆಂಟಿಜೆನ್ ಒಂದರಿಂದ ಮೂರು ವಾರದಲ್ಲಿ ಮಾಯವಾಗುತ್ತದೆ. ಮೊಟ್ಟೆಗಳು ಪಿತ್ತಕೋಶದಲ್ಲಿ ಉಳಿದಿದ್ದು, ಹುಳು ಸತ್ತ ಮೇಲೂ ಕೆಲವು ದಿನ ಇಳಿದುಬರಬಹುದು. ಆಂಟಿಬಾಡಿಯಂತೂ ತಿಂಗಳುಗಟ್ಟಲೆ ಉಳಿಯುತ್ತದೆ. ಈ ಒಂದು ಪ್ಯಾರಾವನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಯಾವುದನ್ನು ಅಳೆದು ಆರಿಸುವುದು

ಮೊದಲನೆಯದು ನಿರ್ಧಾರ. ಪ್ರಾಣಿ ಹುಳುವಿನ ಸಹವಾಸಕ್ಕೆ ಯಾವತ್ತಾದರೂ ಬಂದಿತ್ತಾ ಎಂದು ತಿಳಿಯಬೇಕಾ, ಈ ಹೊತ್ತು ಹುಳು ಒಳಗಿದೆಯಾ ಎಂದು ತಿಳಿಯಬೇಕಾ? ಮೊದಲನೆಯದಕ್ಕೆ ಆಂಟಿಬಾಡಿ ಸಾಕು. ಎರಡನೆಯದಕ್ಕೆ ಸಾಲದು.

ಎರಡನೆಯದು ಸುಳ್ಳು ಪಾಸಿಟಿವ್. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದು ಲೆಕ್ಕ ಹಾಕಿ. 1000 ಪ್ರಾಣಿಗಳಿವೆ, ಅವುಗಳಲ್ಲಿ 100ಕ್ಕೆ ಫ್ಲೂಕ್ ಇದೆ ಎಂದುಕೊಳ್ಳಿ. ನಿಮ್ಮ ಪರೀಕ್ಷೆ ನೂರು ರೋಗಿಗಳಲ್ಲಿ 90 ಹಿಡಿಯುತ್ತದೆ, ನೂರು ಆರೋಗ್ಯವಂತರಲ್ಲಿ 90ಕ್ಕೆ ಸರಿಯಾಗಿ "ಇಲ್ಲ" ಎನ್ನುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಈಗ ಎಣಿಸಿ. ನಿಜವಾದ ಪಾಸಿಟಿವ್ 90. ಉಳಿದ 900ರಲ್ಲಿ ಸುಳ್ಳು ಪಾಸಿಟಿವ್ ಕೂಡ 90. ಅಂದರೆ ಪಾಸಿಟಿವ್ ಬಂದ ಪ್ರತಿ ಎರಡು ಪ್ರಾಣಿಗಳಲ್ಲಿ ಒಂದಕ್ಕೆ ಸುಮ್ನೆ ಔಷಧಿ ಕುಡಿಸುತ್ತೀರಿ. ರೋಗ ಕಡಿಮೆ ಇರುವ ಮಂದೆಯಲ್ಲಿ ಇದು ಇನ್ನೂ ಕೆಡುತ್ತದೆ. ಹಾಗಾಗಿ ರೋಗ ಅಪರೂಪವಾಗಿರುವ ಕಡೆ, ತಪ್ಪು ಹಿಡಿಯದ ಆಂಟಿಜೆನ್‌ಗೆ ಹೆಚ್ಚು ಬೆಲೆ. ರೋಗ ತುಂಬಿ ತುಳುಕುವ ಕಡೆ, ಯಾರನ್ನೂ ಬಿಡದ ಆಂಟಿಜೆನ್‌ಗೆ ಹೆಚ್ಚು ಬೆಲೆ.

ಮೂರನೆಯದು, ಈ ತಿಂಗಳು ಮಾಡಿದ ಆಂಟಿಜೆನ್ ಮತ್ತು ಮುಂದಿನ ವರ್ಷ ಮಾಡುವ ಆಂಟಿಜೆನ್ ಒಂದೇ ಥರ ಇರುತ್ತದಾ ಎಂಬುದು. ಒಂದು ಪ್ರಬಂಧ ಬರೆದು ಮುಗಿಸುವವರಿಗೆ ಇದು ಅಷ್ಟು ಮುಖ್ಯವಲ್ಲ. ವರ್ಷಗಟ್ಟಲೆ ಮಾದರಿ ನೋಡುವ ಲ್ಯಾಬಿಗೆ ಇದೇ ಪ್ರಾಣ.

ಇನ್ನು ಹಣ, ಉಪಕರಣ, ಕೈಗೆ ಸಿಗುವ ಮಾದರಿ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಿಮ್ಮ ಜೇಬು ನಿಮಗೇ ಗೊತ್ತು.

ಅರೆದ ಹುಳುವಿನ ಸಾರ

ಕಸಾಯಿಖಾನೆಯ ಲಿವರಿನಿಂದ ಹುಳು ತೆಗೆದು, ತೊಳೆದು, ಬಫರಿನಲ್ಲಿ ಅರೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳುವುದು. ಒಂದೇ ದಿನದ ಕೆಲಸ. ಖರ್ಚು ತೀರಾ ಕಡಿಮೆ. ಹುಳುವಿನ ಎಲ್ಲಾ ಪ್ರೋಟೀನೂ ಇರುವುದರಿಂದ ಪಾಸಿಟಿವ್ ಪ್ರಾಣಿ ತಪ್ಪಿಸಿಕೊಳ್ಳುವುದು ಕಡಿಮೆ.

ಕಷ್ಟವೂ ಅದೇ ಕಾರಣಕ್ಕೆ. ಎಲ್ಲಾ ಪ್ರೋಟೀನೂ ಎಂದರೆ ಬೇರೆ ಚಪ್ಪಟೆ ಹುಳುಗಳ ಜೊತೆ ಹಂಚಿಕೊಂಡ ಪ್ರೋಟೀನೂ ಸೇರಿತು. ಹೊಟ್ಟೆಯ ಫ್ಲೂಕ್, ರಕ್ತದ ಫ್ಲೂಕ್ ಶಿಸ್ಟೋಸೋಮಾ, ಇವು ಇರುವ ಪ್ರಾಣಿಗಳೂ ಪಾಸಿಟಿವ್ ಎಂದು ಬರುತ್ತವೆ. ನಾನು ಮೊದಲ ಸಲ ಇಂಥ ಪ್ಲೇಟ್ ಮಾಡಿದಾಗ, ಹೊಟ್ಟೆಯ ಫ್ಲೂಕ್ ಮಾತ್ರ ಇದ್ದ ದನಗಳ ಬಾವಿಗಳು ಹಳದಿಗೆ ತಿರುಗಿ ಹೊಳೆದವು. ಫ್ಲೂಕ್ ಸಿಕ್ಕಿತು ಎಂದು ಅರ್ಧ ದಿನ ಖುಷಿಪಟ್ಟಿದ್ದೆ.

ಇನ್ನೊಂದು ಗುಟ್ಟಿನ ತೊಂದರೆ ಇದೆ. ಹುಳು ಪ್ರಾಣಿಯ ರಕ್ತ ಕುಡಿದು ಬದುಕುವಂಥದ್ದು. ಅದನ್ನು ಅರೆದಾಗ ಪ್ರಾಣಿಯ ಆಂಟಿಬಾಡಿಯೂ ಸಾರದಲ್ಲಿ ಬರುತ್ತದೆ. ದನದ ಹುಳುವಿನ ಸಾರವನ್ನು ಕೋಟ್ ಮಾಡಿ, ದನದ ಆಂಟಿಬಾಡಿ ಹಿಡಿದು ಬಣ್ಣ ಬರಿಸುವ ಕಾಂಜುಗೇಟ್ ಹಾಕಿದರೆ, ಸೀರಂ (ರಕ್ತದ ತಿಳಿ) ಹಾಕದೇ ಇದ್ದರೂ ಬಣ್ಣ ಬರಬಹುದು. ಆದ್ದರಿಂದ ಪ್ರತಿ ಪ್ಲೇಟಿನಲ್ಲೂ ಸೀರಂ ಇಲ್ಲದ, ಬರೀ ಕಾಂಜುಗೇಟ್ ಹಾಕಿದ ಒಂದೆರಡು ಬಾವಿ ಇರಲಿ. ಅವು ಬಿಳಿಯಾಗಿರಬೇಕು.

ಕಲಿಯಲು, ಕೈ ಪಳಗಿಸಲು ಈ ಸಾರ ಒಳ್ಳೆಯದು. ರೈತರಿಗೆ ಉತ್ತರ ಕೊಡುವ ಪರೀಕ್ಷೆಗೆ ನಾನಂತೂ ಇದನ್ನು ಹೇಳುವುದಿಲ್ಲ.

ಹುಳು ಹೊರಗೆ ಬಿಟ್ಟದ್ದು

ಜೀವಂತ ಹುಳುವನ್ನು ಚೆನ್ನಾಗಿ ತೊಳೆದು, 37 ಡಿಗ್ರಿಯಲ್ಲಿ ಕಲ್ಚರ್ ಮೀಡಿಯಂನಲ್ಲಿ ಕೆಲವು ಗಂಟೆ ಇಟ್ಟರೆ ಅದು ಕಾರುತ್ತದೆ, ಸ್ರವಿಸುತ್ತದೆ. ಆ ದ್ರವವನ್ನು ಸೋಸಿ ಗಟ್ಟಿ ಮಾಡಿಕೊಂಡರೆ ಸಿಗುವುದೇ ಇಎಸ್ (ಎಕ್ಸ್‌ಕ್ರೀಟರಿ-ಸೆಕ್ರೀಟರಿ) ಆಂಟಿಜೆನ್. ಅರೆದ ಸಾರಕ್ಕಿಂತ ಇದು ಬಹಳ ಮೇಲು. ಪ್ರಾಣಿಯ ದೇಹ ದಿನವೂ ನೋಡುವುದು ಹುಳು ಹೊರಗೆ ಬಿಟ್ಟದ್ದನ್ನೇ, ಹೊಟ್ಟೆಯೊಳಗೆ ಇಟ್ಟುಕೊಂಡದ್ದನ್ನಲ್ಲ. ಆಂಟಿಬಾಡಿಯೂ ಅದಕ್ಕೇ ಹೆಚ್ಚು ತಯಾರಾಗುತ್ತದೆ. ಬೆಳೆದ ಹುಳುವಿನ ಈ ದ್ರವದ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕ್ಯಾಥೆಪ್ಸಿನ್ ಎಲ್ ಎಂಬ ಕಿಣ್ವಗಳ ಕುಟುಂಬವೇ ಇರುತ್ತದೆ. ಬೇಗ ಹಿಡಿಯುವ ವಿಷಯದಲ್ಲಿ ಇದು ಮುಂದಿದೆ, ಎರಡು ಮೂರು ವಾರಕ್ಕೇ ಸುಳಿವು ಕೊಡಬಲ್ಲದು.

ತಯಾರಿಸುವಾಗ ಮೂರು ವಿಷಯ ಗಮನಿಸಿ. ಮೊದಲ ಒಂದು ಗಂಟೆಯ ದ್ರವ ಚೆಲ್ಲಿ, ಅದರಲ್ಲಿ ಪಿತ್ತ ಮತ್ತು ಪ್ರಾಣಿಯ ರಕ್ತ ತುಂಬಿರುತ್ತದೆ. ಸತ್ತ ಹುಳು ಕಂಡರೆ ಆ ಬಟ್ಟಲನ್ನೇ ಬಿಡಿ, ಸತ್ತ ಹುಳು ಸೋರಿದರೆ ಇಎಸ್ ಹೋಗಿ ಅರೆದ ಸಾರವಾಗುತ್ತದೆ. ಮೂರನೆಯದು ನನಗೆ ತಡವಾಗಿ ಅರ್ಥವಾದದ್ದು. ಕ್ಯಾಥೆಪ್ಸಿನ್ ಎಂದರೆ ಪ್ರೋಟೀನು ಕತ್ತರಿಸುವ ಕತ್ತರಿ. ಅದು ತನ್ನನ್ನೇ ಕತ್ತರಿಸಿಕೊಳ್ಳುತ್ತದೆ, ಆಂಟಿಬಾಡಿಯನ್ನೂ ಕತ್ತರಿಸುತ್ತದೆ. ಹುಳು ಪ್ರಾಣಿಯ ಒಳಗೆ ತಪ್ಪಿಸಿಕೊಳ್ಳುವ ಒಂದು ಉಪಾಯವೇ ಅದು. ಈ ಕಿಣ್ವವನ್ನು ತಡೆಯುವ ಇ-64ನಂಥ ರಾಸಾಯನಿಕ ಹಾಕದೆ ಇಟ್ಟ ಇಎಸ್, ಫ್ರಿಜ್ಜಿನಲ್ಲಿದ್ದೂ ಸವೆಯುತ್ತಾ ಹೋಗುತ್ತದೆ.

ಒಂದು ತಂಡದ (ಒಂದು ಸಲಕ್ಕೆ ಮಾಡಿದ) ಇಎಸ್ ಇನ್ನೊಂದು ತಂಡದಂತೆ ಇರುವುದಿಲ್ಲ. ಹುಳುವಿನ ವಯಸ್ಸು, ಎಷ್ಟು ಹೊತ್ತು ಇಟ್ಟಿರಿ, ಯಾವ ಪ್ರಾಣಿಯಿಂದ ಬಂತು, ಎಲ್ಲದರ ಮೇಲೂ ಬದಲಾಗುತ್ತದೆ. ಕಡಿಮೆ ಬಜೆಟ್ಟಿನ ಲ್ಯಾಬಿಗೆ, ಜೀನ್ ಕ್ಲೋನಿಂಗ್ ಸೌಲಭ್ಯ ಇಲ್ಲದವರಿಗೆ, ನನ್ನ ಸಲಹೆ ಇದೇ ಇಎಸ್. ಆದರೆ ಒಂದೇ ಸಲ ದೊಡ್ಡ ತಂಡ ಮಾಡಿ, ಸಣ್ಣ ಸಣ್ಣ ಕೊಳವೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟುಕೊಳ್ಳಿ. ಹೊಸ ತಂಡ ಮಾಡಿದಾಗ ಹಳೆಯದರ ಜೊತೆ ಒಂದೇ ಪ್ಲೇಟಿನಲ್ಲಿ ಓಡಿಸಿ ನೋಡದೆ ಬಳಸಬೇಡಿ.

ಲ್ಯಾಬಿನಲ್ಲಿ ಬೆಳೆಸಿದ ಕ್ಯಾಥೆಪ್ಸಿನ್ ಎಲ್1

ಇಎಸ್‌ನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಕ್ಯಾಥೆಪ್ಸಿನ್ ಎಲ್ ಎಂದಾದರೆ, ಅದೊಂದನ್ನೇ ತಯಾರಿಸಿದರೆ ಆಗದೇ? ಆಗುತ್ತದೆ. ಅದರ ಜೀನನ್ನು ಯೀಸ್ಟಿಗೋ ಬ್ಯಾಕ್ಟೀರಿಯಾಕ್ಕೋ ಸೇರಿಸಿ ಬೆಳೆಸುತ್ತಾರೆ. ಕಿಣ್ವ ತನ್ನನ್ನೇ ತಿನ್ನದಂತೆ, ಅದರ ಕತ್ತರಿಯ ಅಲುಗಿನಲ್ಲಿರುವ ಸಿಸ್ಟೀನ್ ಎಂಬ ಒಂದೇ ಒಂದು ಅಮೈನೋ ಆಮ್ಲವನ್ನು ಗ್ಲೈಸೀನಿಗೆ ಬದಲಾಯಿಸುತ್ತಾರೆ. ಆಕಾರ ಹಾಗೇ ಇರುತ್ತದೆ, ಕತ್ತರಿಸುವುದು ನಿಲ್ಲುತ್ತದೆ. ಆಂಟಿಬಾಡಿ ನೋಡುವುದು ಆಕಾರವನ್ನು, ಹಾಗಾಗಿ ಪರೀಕ್ಷೆಗೆ ನಷ್ಟವಿಲ್ಲ. ಬಹಳ ಸರಳವಾದ, ಬಹಳ ಜಾಣ ಉಪಾಯ ಇದು.

ಲಾಭಗಳು ಸ್ಪಷ್ಟ. ಪ್ರತಿ ತಂಡವೂ ಒಂದೇ ಥರ. ಕಸಾಯಿಖಾನೆಗೆ ಅಲೆಯಬೇಕಾಗಿಲ್ಲ. ಬೇರೆ ಹುಳುಗಳ ಜೊತೆ ತಾಳೆಯಾಗುವುದು ಕಡಿಮೆ. ಹೆಪಾಟಿಕಾ ಮತ್ತು ಜೈಗಾಂಟಿಕಾ ಎರಡರ ಕ್ಯಾಥೆಪ್ಸಿನ್ನೂ ತುಂಬಾ ಹೋಲುವುದರಿಂದ ಒಂದರ ಪರೀಕ್ಷೆ ಇನ್ನೊಂದಕ್ಕೂ ನಡೆಯುತ್ತದೆ. ಎರಡರಲ್ಲಿ ಯಾವುದು ಎಂದು ಬೇರ್ಪಡಿಸಬೇಕಿದ್ದರೆ ಮಾತ್ರ ಇದು ಪ್ರಯೋಜನವಿಲ್ಲ, ಅದಕ್ಕೆ ಡಿಎನ್ಎ ಪರೀಕ್ಷೆಯೇ ಬೇಕು.

ಕೊರತೆಯೂ ಇದೆ. ಹೊಸದಾಗಿ ಒಳಬಂದ ಮರಿ ಹುಳು ಬೇರೆ ಕಿಣ್ವಗಳನ್ನು ಬಳಸುತ್ತದೆ. ಕರುಳು ಕೊರೆಯುವಾಗ ಕ್ಯಾಥೆಪ್ಸಿನ್ ಬಿ ಮತ್ತು ಎಲ್3 ಜಾಸ್ತಿ, ಎಲ್1 ಬೆಳೆದಂತೆ ಹೆಚ್ಚುತ್ತದೆ. ಆದ್ದರಿಂದ ಎಲ್1 ಒಂದನ್ನೇ ನಂಬಿದರೆ ಇಎಸ್‌ಗಿಂತ ಒಂದೆರಡು ವಾರ ತಡವಾಗಬಹುದು. ಒಂದೇ ಪ್ರೋಟೀನಿಗೆ ಸರಿಯಾಗಿ ಪ್ರತಿಕ್ರಿಯಿಸದ ಪ್ರಾಣಿಗಳೂ ಅಲ್ಲೊಂದು ಇಲ್ಲೊಂದು ಇರುತ್ತವೆ. ಇಎಸ್‌ನಲ್ಲಿ ಅವು ಬೇರೆ ಪ್ರೋಟೀನಿನ ಮೂಲಕ ಸಿಕ್ಕಿಬೀಳುತ್ತಿದ್ದವು, ಇಲ್ಲಿ ಜಾರಿಹೋಗುತ್ತವೆ.

ಶುರುವಿನ ಖರ್ಚು ಜಾಸ್ತಿ, ಆಮೇಲೆ ಪ್ರತಿ ಮಾದರಿಗೆ ಬೀಳುವುದು ಕಡಿಮೆ. ತಿಂಗಳಿಗೆ ನೂರಾರು ಮಾದರಿ ನೋಡುವ ಲ್ಯಾಬ್ ಆದರೆ ಎರಡನೇ ಯೋಚನೆ ಬೇಡ, ಇದನ್ನೇ ಮಾಡಿ.

ಉಳಿದ ಪ್ರೋಟೀನುಗಳು

ಕೊಬ್ಬಿನಾಮ್ಲಗಳನ್ನು ಹಿಡಿದು ಸಾಗಿಸುವ ಸುಮಾರು 15 ಕಿಲೋಡಾಲ್ಟನ್ ತೂಕದ ಒಂದು ಪ್ರೋಟೀನಿದೆ. ಅದಕ್ಕೆ ಶಿಸ್ಟೋಸೋಮಾದಲ್ಲಿ ಹತ್ತಿರದ ಅಣ್ಣತಮ್ಮ ಇದ್ದಾನೆ. ರಕ್ತದ ಫ್ಲೂಕ್ ಇರುವ ಪ್ರದೇಶದಲ್ಲಿ ಪರೀಕ್ಷೆಗೆ ಇದನ್ನು ಒಂಟಿಯಾಗಿ ಬಳಸುವುದು ಅಪಾಯ. ಸಪೋಸಿನ್ ಜಾತಿಯ ಸಣ್ಣ ಪ್ರೋಟೀನು ಎಸ್ಎಪಿ-2 ಮನುಷ್ಯರ ಪರೀಕ್ಷೆಯಲ್ಲಿ ಒಳ್ಳೆಯ ಹೆಸರು ಪಡೆದಿದೆ, ಕ್ಯಾಥೆಪ್ಸಿನ್ ಜೊತೆಗೆ ಸೇರಿಸಿ ನೋಡಲು ಯೋಗ್ಯ. ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ಸಣ್ಣ ತುಂಡುಗಳು, ಶುದ್ಧ, ಕೊಂಡು ತರಿಸಬಹುದು. ಆದರೆ ಮಡಚಿಕೊಂಡ ಪ್ರೋಟೀನಿನ ಆಕಾರ ಅವುಗಳಲ್ಲಿ ಇರುವುದಿಲ್ಲ, ಆಕಾರ ನೋಡಿ ಹಿಡಿಯುವ ಆಂಟಿಬಾಡಿಗಳು ಕೈತಪ್ಪುತ್ತವೆ.

ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್, ಅಂದರೆ ಜಿಎಸ್‌ಟಿ, ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬ್ಯಾಕ್ಟೀರಿಯಾದಲ್ಲಿ ಪ್ರೋಟೀನು ಬೆಳೆಸುವವರು, ಅದನ್ನು ಸುಲಭವಾಗಿ ಬೇರ್ಪಡಿಸಲು ಜಿಎಸ್‌ಟಿ ಎಂಬ ಬಾಲ ಅಂಟಿಸುವುದು ರೂಢಿ. ಆ ಮಾಮೂಲಿ ಬಾಲ ಎಲ್ಲಿಂದ ಬಂದದ್ದು ಗೊತ್ತಾ? ಶಿಸ್ಟೋಸೋಮಾ ಜಪಾನಿಕಮ್‌ನಿಂದ. ಅದೂ ಒಂದು ಫ್ಲೂಕೇ! ನಿಮ್ಮ ಫ್ಲೂಕ್ ಆಂಟಿಜೆನ್‌ಗೆ ಇನ್ನೊಂದು ಫ್ಲೂಕಿನ ಪ್ರೋಟೀನು ಕಟ್ಟಿ, ಆಮೇಲೆ ಅಡ್ಡ ಪ್ರತಿಕ್ರಿಯೆ (ಬೇರೆ ಹುಳುವಿಗೂ ಪಾಸಿಟಿವ್) ಏಕೆ ಬಂತು ಎಂದು ತಲೆ ಕೆರೆದುಕೊಳ್ಳುವುದು ಬೇಡ. ಆರು ಹಿಸ್ಟಿಡೀನ್‌ಗಳ ಪುಟ್ಟ ಬಾಲ ಸಾಕು.

ಸಗಣಿಯಲ್ಲೇ ಆಂಟಿಜೆನ್ ಹಿಡಿಯುವುದು

ಇಲ್ಲಿ ದಾರಿ ತಿರುಗುತ್ತದೆ. ಪ್ಲೇಟಿಗೆ ಕೋಟ್ ಮಾಡುವುದು ಆಂಟಿಬಾಡಿಯನ್ನು, ಹಿಡಿಯುವುದು ಹುಳುವಿನ ಆಂಟಿಜೆನ್ನನ್ನು. ಎಂಎಂ3 ಎಂಬ ಮೊನೊಕ್ಲೋನಲ್ (ಲ್ಯಾಬಿನಲ್ಲಿ ಬೆಳೆಸಿದ, ಒಂದೇ ಗುರುತಿಗೆ ಅಂಟುವ) ಆಂಟಿಬಾಡಿ ಈ ಕೆಲಸಕ್ಕೆ ಹೆಸರುವಾಸಿ. ಅದು ಅಂಟಿಕೊಳ್ಳುವುದು ಮತ್ತೆ ಕ್ಯಾಥೆಪ್ಸಿನ್ ಎಲ್ ಕುಟುಂಬಕ್ಕೇ. ಪಿತ್ತನಾಳದಲ್ಲಿ ಕೂತ ಹುಳು ಇದನ್ನು ಕಾರಿದಾಗ ಪಿತ್ತದ ಜೊತೆ ಕರುಳಿಗೆ, ಅಲ್ಲಿಂದ ಸಗಣಿಗೆ ಬರುತ್ತದೆ.

ಇದರ ಬಲ ಒಂದೇ, ಆದರೆ ದೊಡ್ಡದು. ಪಾಸಿಟಿವ್ ಬಂದರೆ ಈಗ ಒಳಗೆ ಜೀವಂತ ಹುಳು ಇದೆ. ಹೋದ ವರ್ಷದ ಕಥೆ ಅಲ್ಲ. ಮೊಟ್ಟೆ ಬರುವ ಮುಂಚೆಯೇ ಹಿಡಿಯಬಹುದು. ಔಷಧಿ ಕೆಲಸ ಮಾಡಿತಾ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯದು ಕಾಣೆ. ಔಷಧಿ ಕೊಡುವ ದಿನ ಒಮ್ಮೆ, ಎರಡು ಮೂರು ವಾರದ ಮೇಲೆ ಇನ್ನೊಮ್ಮೆ ಅದೇ ಪ್ರಾಣಿಗಳ ಸಗಣಿ ನೋಡಬೇಕು. ಎರಡನೇ ಸಲವೂ ಪಾಸಿಟಿವ್ ಎಂದರೆ ಹುಳು ಸತ್ತಿಲ್ಲ. ಟ್ರೈಕ್ಲಾಬೆಂಡಜೋಲ್ ಔಷಧಿಗೆ ಹುಳುಗಳು ಬಗ್ಗದಿರುವುದು 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲು ವರದಿಯಾಯಿತು. ಆಮೇಲೆ ಹಲವು ದೇಶಗಳಿಂದ ಅದೇ ಸುದ್ದಿ ಬಂತು. ಮರಿ ಹುಳುವಿನಿಂದ ಹಿಡಿದು ಬೆಳೆದ ಹುಳುವಿನವರೆಗೆ ಕೊಲ್ಲುವ ಔಷಧಿ ಅದು. ಅದು ಕೈಕೊಟ್ಟರೆ ಬೇರೆ ಔಷಧಿಗಳು ಬಹುಪಾಲು ದೊಡ್ಡ ಹುಳುಗಳಿಗೆ ಮಾತ್ರ ಆಗುತ್ತವೆ. ಆದ್ದರಿಂದ ಈ ಪರೀಕ್ಷೆಯ ಬೆಲೆ ಹೆಚ್ಚಿದೆ.

ಆದರೆ ಒಂದು ಮುಖ್ಯ ಎಚ್ಚರಿಕೆ. ಔಷಧಿ ದೊಡ್ಡ ಹುಳುಗಳನ್ನು ಮಾತ್ರ ಕೊಲ್ಲುವಂಥದ್ದಾದರೆ, ಅವತ್ತು ಲಿವರಿನಲ್ಲಿ ಅಲೆಯುತ್ತಿದ್ದ ಮರಿಗಳು ಉಳಿಯುತ್ತವೆ. ಎರಡು ವಾರದ ಮೇಲೆ ನೆಗೆಟಿವ್, ಆರೆಂಟು ವಾರದ ಮೇಲೆ ಮತ್ತೆ ಪಾಸಿಟಿವ್ ಆಗಬಹುದು. ಅದು ಔಷಧಿ ಸೋತದ್ದಲ್ಲ, ಸಣ್ಣವು ದೊಡ್ಡವಾದದ್ದು.

ಮಿತಿಗಳು ಏನು? ಸುರಂಗ ತೋಡುವ ಮೊದಲ ವಾರಗಳ ಮರಿಯನ್ನು ಇದು ನೋಡಲಾರದು, ದ್ರವ ಕರುಳಿಗೆ ಬರುವುದೇ ಇಲ್ಲವಲ್ಲ. ನಾಲ್ಕಾರು ಹುಳು ಮಾತ್ರ ಇರುವ ದನದಲ್ಲಿ ಕೆಲವೊಮ್ಮೆ ತಪ್ಪುತ್ತದೆ. ಲ್ಯಾಬಿನ ಪ್ರಯೋಗಗಳಲ್ಲಿ ಒಂದೆರಡು ಹುಳುವನ್ನೂ ಹಿಡಿದದ್ದುಂಟು, ಬಯಲಿನ ಸಗಣಿಯಲ್ಲಿ ಅಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮಾದರಿ ಬಿಸಿಲಲ್ಲಿ ಬಿದ್ದರೆ ಕೆಡುತ್ತದೆ, ತಂಪಾಗಿ ಬೇಗ ಕಳಿಸಿ. ಒಳ್ಳೆಯ ಮೊನೊಕ್ಲೋನಲ್ ಆಂಟಿಬಾಡಿ ಮನೆಯಲ್ಲಿ ಮಾಡಿಕೊಳ್ಳುವಂಥದ್ದಲ್ಲ. ಹೆಚ್ಚಿನವರು ಕಿಟ್ ಕೊಳ್ಳಬೇಕಾಗುತ್ತದೆ.

ರಕ್ತದಲ್ಲಿ ಸುತ್ತುವ ಆಂಟಿಜೆನ್ ಹಿಡಿಯುವ ಪ್ರಯತ್ನಗಳೂ ಆಗಿವೆ. ಮೊದಲ ಕೆಲವು ವಾರ ಅದು ಸಿಗುತ್ತದೆ, ಹುಳು ಪಿತ್ತನಾಳ ಸೇರಿದ ಮೇಲೆ ಇಳಿಯುತ್ತದೆ. ಆ ಕಿರಿದಾದ ಕಿಟಕಿಗಾಗಿ ಒಂದು ಪರೀಕ್ಷೆ ಕಟ್ಟುವುದು ನನಗೆ ದುಬಾರಿ ಅನ್ನಿಸುತ್ತದೆ.

ಹಾಲು

ಹೈನು ಮಂದೆಗೆ ಹಾಲೇ ಸುಲಭದ ಮಾದರಿ. ಚುಚ್ಚುವುದು ಬೇಡ, ಪ್ರಾಣಿ ಹಿಡಿಯುವುದು ಬೇಡ. ದನಗಳಲ್ಲಿ ಫ್ಲೂಕ್ ವಿರುದ್ಧ ಹೆಚ್ಚಾಗಿ ಬರುವುದು ಐಜಿಜಿ1 ಜಾತಿಯ ಆಂಟಿಬಾಡಿ. ಹಾಲಿಗೆ ಇಳಿಯುವುದೂ ಮುಖ್ಯವಾಗಿ ಅದೇ. ಇಎಸ್ ಆದರೂ ಸರಿ, ಎಲ್1 ಆದರೂ ಸರಿ, ಕೆಲಸ ಮಾಡುತ್ತದೆ. ಕಾಂಜುಗೇಟ್ ಆರಿಸುವಾಗ ಐಜಿಜಿ1ಕ್ಕೆ ಹೊಂದುವುದನ್ನು ತೆಗೆದುಕೊಂಡರೆ ಫಲಿತಾಂಶ ಇನ್ನೂ ಸ್ಪಷ್ಟ.

ಎಲ್ಲಾ ಹಸುಗಳ ಹಾಲು ಸೇರಿದ ಟ್ಯಾಂಕಿನ ಮಾದರಿ ಮಂದೆಯ ಒಟ್ಟು ಚಿತ್ರ ಕೊಡುತ್ತದೆ. ಯಾವ ಹಸು ಎಂದು ಹೇಳುವುದಿಲ್ಲ. ಒಂದೆರಡು ಹಸುಗಳಿಗೆ ಮಾತ್ರ ಇದ್ದರೆ ಉಳಿದವುಗಳ ಹಾಲಿನಲ್ಲಿ ಕರಗಿಹೋಗುತ್ತದೆ. ಹಾಲು ಕೊಡದ ಕಡಸುಗಳ ಸುದ್ದಿಯೇ ಇರುವುದಿಲ್ಲ, ಮೇವಿಗೆ ಬೇರೆ ಕಡೆ ಹೋಗುವುದು ಹೆಚ್ಚಾಗಿ ಅವೇ. ಮೂರು ತಿಂಗಳಿಗೊಮ್ಮೆ ನೋಡಿ ಏರಿಳಿತ ಗಮನಿಸಲು ಒಳ್ಳೆಯದು. ಒಂದೇ ಸಲ ನೋಡಿ ತೀರ್ಪು ಕೊಡಲು ಅಲ್ಲ.

ಹೊಸ ಆಂಟಿಜೆನ್ ಹುಡುಕುವವರಿಗೆ

ಇರುವುದರಲ್ಲಿ ಆರಿಸುವುದಲ್ಲ, ಹೊಸದನ್ನೇ ಕಂಡುಹಿಡಿಯುತ್ತೇನೆ ಎನ್ನುವವರಿಗೂ ಎರಡು ದಾರಿ. ಹಳೆಯ ದಾರಿಯಲ್ಲಿ, ಹುಳುವಿನ ಪ್ರೋಟೀನುಗಳನ್ನು ಜೆಲ್ ಮೇಲೆ ಹರಡಿ, ಕಾಯಿಲೆ ಪ್ರಾಣಿಯ ಸೀರಂ ಹಾಕಿ, ಯಾವ ಚುಕ್ಕೆ ಬೆಳಗುತ್ತದೋ ಅದನ್ನು ಕಿತ್ತು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಗುರುತಿಸುತ್ತಾರೆ. ಪ್ರಾಣಿ ನಿಜವಾಗಿ ಗುರುತಿಸುವ ಪ್ರೋಟೀನೇ ಸಿಗುತ್ತದೆ, ಆದರೆ ಹೇರಳವಾಗಿರುವುದೇ ಮತ್ತೆ ಮತ್ತೆ ಸಿಗುತ್ತದೆ. ಹತ್ತು ಸಲ ಹುಡುಕಿದರೆ ಏಳು ಸಲ ಕ್ಯಾಥೆಪ್ಸಿನ್ ನಿಮ್ಮನ್ನು ನೋಡಿ ನಗುತ್ತಿರುತ್ತದೆ. ಹೊಸ ದಾರಿ ಕಂಪ್ಯೂಟರಿನದು. ಹೆಪಾಟಿಕಾದ ಜೀನೋಮ್ 2015ರಲ್ಲಿ ಪ್ರಕಟವಾಯಿತು, ಸುಮಾರು 130 ಕೋಟಿ ಅಕ್ಷರಗಳು. ಅದರಲ್ಲಿ ಹೊರಗೆ ಸ್ರವಿಸುವ, ಮರಿ ಹಂತದಲ್ಲೇ ಬರುವ, ಹೊಟ್ಟೆಯ ಫ್ಲೂಕಿನಲ್ಲಿ ಇಲ್ಲದ ಪ್ರೋಟೀನುಗಳನ್ನು ಜರಡಿ ಹಿಡಿಯಬಹುದು. ಅಗ್ಗ, ಆದರೆ ಪಟ್ಟಿ ಉದ್ದ. ಪ್ರತಿಯೊಂದನ್ನೂ ಬೆಳೆಸಿ ಪರೀಕ್ಷಿಸುವಾಗ ಹಣ ಖಾಲಿಯಾಗುತ್ತದೆ.

ಯಾವ ದಾರಿ ಹಿಡಿದರೂ ಸೀರಂ ಸಂಗ್ರಹದಲ್ಲಿ ಜಿಪುಣತನ ಬೇಡ. ಜೋರಾಗಿ ಕಾಯಿಲೆ ಬಿದ್ದ ಹತ್ತು, ಪೂರ್ತಿ ಆರೋಗ್ಯದ ಹತ್ತು ಪ್ರಾಣಿಗಳನ್ನು ಹೋಲಿಸಿದರೆ ಯಾವ ಆಂಟಿಜೆನ್ ಆದರೂ ಚಿನ್ನದಂತೆ ಕಾಣುತ್ತದೆ. ಬೇಕಾದ್ದು ಬೇರೆ. ಸೋಂಕು ತಗುಲಿಸಿದ ಪ್ರಾಣಿಗಳ ವಾರವಾರದ ಸೀರಂ ಬೇಕು. ಹೊಟ್ಟೆಯ ಫ್ಲೂಕ್ ಮಾತ್ರ ಇರುವ, ಲಿವರ್ ಕತ್ತರಿಸಿ ನೋಡಿ ಫ್ಲೂಕ್ ಇಲ್ಲವೆಂದು ಖಚಿತವಾದ ಪ್ರಾಣಿಗಳದ್ದೂ ಬೇಕು. ಸಗಣಿಯಲ್ಲಿ ಮೊಟ್ಟೆ ಇಲ್ಲ ಎಂಬುದನ್ನು "ಆರೋಗ್ಯವಂತ" ಎಂಬುದಕ್ಕೆ ಆಧಾರ ಮಾಡಿಕೊಂಡರೆ, ಒಳ್ಳೆಯ ಆಂಟಿಜೆನ್ನೂ ಕೆಟ್ಟದಾಗಿ ಕಾಣುತ್ತದೆ. ಅಡ್ಡ ಪ್ರತಿಕ್ರಿಯೆ ಬಂದರೆ ಒಮ್ಮೆ ಪೀರಿಯೋಡೇಟ್ ಎಂಬ ರಾಸಾಯನಿಕ ಹಾಕಿ ನೋಡಿ. ಅದು ಪ್ರೋಟೀನಿಗೆ ಅಂಟಿದ ಸಕ್ಕರೆಯ ಗುರುತುಗಳನ್ನು ಅಳಿಸುತ್ತದೆ. ಪ್ರತಿಕ್ರಿಯೆ ನಿಂತರೆ ತಪ್ಪು ಸಕ್ಕರೆಯದು, ಪ್ರೋಟೀನಿನದಲ್ಲ.

ಯಾರಿಗೆ ಯಾವುದು

ಕುರಿಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದರೆ ಯಾವ ಎಲೈಸಾಕ್ಕೂ ಕಾಯಬೇಡಿ. ಸತ್ತ ಕುರಿಯ ಲಿವರ್ ಕತ್ತರಿಸಿ ನೋಡಿ, ರಕ್ತ ತುಂಬಿದ ಸುರಂಗಗಳು ಬರಿಗಣ್ಣಿಗೇ ಕಾಣುತ್ತವೆ. ಸಾವು ಶುರುವಾಗುವ ಮುಂಚೆ ಎಚ್ಚರಿಕೆ ಬೇಕಿದ್ದರೆ, ಮೊದಲ ಸಲ ಮೇಯಲು ಹೋದ ಕುರಿಮರಿಗಳ ರಕ್ತವನ್ನು ಇಎಸ್ ಅಥವಾ ಎಲ್1 ಎಲೈಸಾದಲ್ಲಿ ನೋಡುತ್ತಿರಿ. ಅವುಗಳಿಗೆ ಹಳೆಯ ಇತಿಹಾಸವಿಲ್ಲ, ಪಾಸಿಟಿವ್ ಎಂದರೆ ಈ ಋತುವಿನದೇ. ತೀರಾ ಎಳೆಯ ಮರಿ ಬೇಡ, ಗಿಣ್ಣುಹಾಲಿನಲ್ಲಿ ತಾಯಿಯ ಆಂಟಿಬಾಡಿ ಬಂದಿರುತ್ತದೆ.

ಔಷಧಿ ಕೊಟ್ಟರೂ ಗದ್ದದ ಬಾವು ಇಳಿಯುತ್ತಿಲ್ಲ, ಮೈ ಹತ್ತುತ್ತಿಲ್ಲ ಎಂದರೆ ಸಗಣಿಯ ಆಂಟಿಜೆನ್ ಪರೀಕ್ಷೆ. ಅದಕ್ಕೆ ಹಣವಿಲ್ಲದಿದ್ದರೆ ಮೂರು ವಾರ ಬಿಟ್ಟು ಮೊಟ್ಟೆ ಎಣಿಕೆ. ರಕ್ತ ಬೇಡವೇ ಬೇಡ, ಹುಳು ಸತ್ತಿದ್ದರೂ ಅದು ಪಾಸಿಟಿವ್ ಎಂದೇ ಹೇಳುತ್ತದೆ.

ಹೊಸ ಪ್ರಾಣಿ ಕೊಂಡು ತರುವವರಿಗೆ ಯಾವ ಒಂದೇ ಪರೀಕ್ಷೆಯೂ ಸಾಲದು. ಬಂದ ದಿನ ರಕ್ತವೂ ಸಗಣಿಯೂ ನೋಡಿ, ಬೇರೆ ಕಟ್ಟಿ, ಎಂಟು ವಾರದ ಸುಮಾರಿಗೆ ಸಗಣಿ ಮತ್ತೊಮ್ಮೆ ನೋಡಿ. ಒಂದು ಪ್ರದೇಶದಲ್ಲಿ ಫ್ಲೂಕ್ ಎಷ್ಟು ಹರಡಿದೆ ಎಂಬ ಸಮೀಕ್ಷೆಗೆ ಎಲ್1 ಎಲೈಸಾ, ಹೈನು ಮಂದೆಗಳಾದರೆ ಹಾಲು. ಸಂಶೋಧನೆಗೆ ಹಣ ಕಡಿಮೆ ಇರುವ ವಿದ್ಯಾರ್ಥಿಗೆ ಇಎಸ್, ಜೊತೆಗೆ ಕಸಾಯಿಖಾನೆಯಲ್ಲಿ ಲಿವರ್ ಕತ್ತರಿಸಿ ನೋಡಿ ಖಚಿತ ಮಾಡಿಕೊಂಡ ಸೀರಂಗಳು. ಆಂಟಿಜೆನ್ ಕೊಳ್ಳುವ ಹಣವನ್ನು ಆ ಸೀರಂಗಳಿಗೆ ಸುರಿದರೆ ಹೆಚ್ಚು ಲಾಭ.

ಇನ್ನು ಯಾವ ಆಂಟಿಜೆನ್ ಆರಿಸಿದರೂ ಗಡಿಯ ಮೇಲೆ ನಿಲ್ಲುವ ಕೆಲವು ಪ್ರಾಣಿಗಳು ಬಂದೇ ಬರುತ್ತವೆ. ಪಾಸಿಟಿವ್ ಅಂತಲೂ ಇಲ್ಲ, ನೆಗೆಟಿವ್ ಅಂತಲೂ ಇಲ್ಲ. ಅದೇ ಸೀರಂ ಅನ್ನು ಮತ್ತೆ ಮತ್ತೆ ಓಡಿಸಿ ಸಮಯ ಕಳೆಯಬೇಡಿ. ಸ್ವಲ್ಪವನ್ನು ಮೈನಸ್ 20 ಡಿಗ್ರಿಯಲ್ಲಿ ಎತ್ತಿಡಿ. ಮೂರು ವಾರ ಬಿಟ್ಟು ಹೊಸದಾಗಿ ರಕ್ತ ತೆಗೆಯಿರಿ. ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕದ ಬಾವಿಗಳಿಗೆ ಹಾಕಿ. ಬಣ್ಣ ಏರಿದ್ದರೆ ಸೋಂಕು ಹೊಸದು. ಇಳಿದಿದ್ದರೆ ಹಳೆಯ ನೆನಪು ಮಾಸುತ್ತಿದೆ. ಅಲ್ಲೇ ನಿಂತಿದ್ದರೆ ಸಗಣಿ ತರಿಸಿಕೊಳ್ಳಿ.